ಇಂಡೋನೇಷ್ಯಾದ ಇಂಗ್ಲಿಷ್ ಮೇಷ್ಟ್ರು ಬಾಯಿ ಬಿಡಲು ಯಾಕೆ ಹಿಂಜರಿಯುತ್ತಾರೆ?

2027-28ರ ಶಾಲಾ ವರ್ಷದಿಂದ ಇಂಡೋನೇಷ್ಯಾದ ಪ್ರಾಥಮಿಕ ಶಾಲೆಗಳಲ್ಲಿ ಇಂಗ್ಲಿಷ್ ಕಡ್ಡಾಯವಾಗಲಿದೆ. 2024ರ ಪಠ್ಯಕ್ರಮ ನಿಯಮದಲ್ಲಿ ಇದು ಬಂತು. ಈಗಿನ ಶಿಕ್ಷಣ ಸಚಿವ ಅಬ್ದುಲ್ ಮುತಿ ಮೂರನೇ ತರಗತಿಯಿಂದಲೇ ಶುರು ಎಂದು ಹೇಳಿದ್ದಾರೆ. ಹದಿನೇಳು ಸಾವಿರ ದ್ವೀಪಗಳ, ಏಳುನೂರಕ್ಕೂ ಜಾಸ್ತಿ ಭಾಷೆಗಳ ದೇಶ ಅದು. ಪುಸ್ತಕ ಅಚ್ಚು ಹಾಕಿಸಿ ಹಡಗಿನಲ್ಲಿ ಕಳಿಸಬಹುದು. ಆದರೆ ತರಗತಿಯಲ್ಲಿ ನಿಂತು ಇಂಗ್ಲಿಷ್ ಮಾತಾಡುವವರು ಯಾರು?

ಅಲ್ಲಿನ ಪ್ರಾಥಮಿಕ ಶಾಲೆಯಲ್ಲಿ ಹೆಚ್ಚಾಗಿ ಒಂದು ತರಗತಿಗೆ ಒಬ್ಬರೇ ಟೀಚರು. ಗಣಿತವೂ ಅವರೇ, ಇಂಡೋನೇಷ್ಯನ್ ಭಾಷೆಯೂ ಅವರೇ. ಅವರು ಇಂಗ್ಲಿಷ್ ಓದಿ ಬಂದವರಲ್ಲ. ಸರ್ಕಾರ ಅವರಿಗೆ ತರಬೇತಿ ಶುರು ಮಾಡಿದೆ. ಶಬ್ದಭಂಡಾರ, ವ್ಯಾಕರಣ ಹೇಗೋ ಕಲಿಯಬಹುದು. ಬಾಯಿ ಬಿಟ್ಟು ಮಾತಾಡುವುದೇ ಕಷ್ಟ. ಇದು ಬರೀ ಹೊಸಬರ ಕಷ್ಟವಲ್ಲ. ಇಂಗ್ಲಿಷ್ ಡಿಗ್ರಿ ಪಡೆದು ಹತ್ತಾರು ವರ್ಷ ಪಾಠ ಮಾಡಿದವರಿಗೂ ಇದೆ. ವರ್ಕ್‌ಶೀಟ್ ತುಂಬಿಸುತ್ತಾರೆ, ವಾಕ್ಯವನ್ನು ಇಂಡೋನೇಷ್ಯನ್‌ಗೆ ಅನುವಾದಿಸುತ್ತಾರೆ, ವ್ಯಾಕರಣದ ನಿಯಮ ಬೋರ್ಡಿನ ಮೇಲೆ ಬರೆಯುತ್ತಾರೆ. ಇಂಗ್ಲಿಷ್ ಪೀರಿಯಡ್‌ನಲ್ಲಿ ಇಂಗ್ಲಿಷ್ ಒಂದು ಬಿಟ್ಟು ಮಿಕ್ಕಿದ್ದೆಲ್ಲ ನಡೆಯುತ್ತದೆ.

ಇದನ್ನು ಸೋಮಾರಿತನ ಅಂದುಬಿಡುವುದು ಸುಲಭ. ಅದು ನ್ಯಾಯವಲ್ಲ. ಮೊದಲು ಆ ನಾಲಿಗೆಗೆ ನಿಜವಾಗಿ ಏನು ಕಷ್ಟ ಅನ್ನುವುದನ್ನು ನೋಡೋಣ.

ಇಂಡೋನೇಷ್ಯನ್ ಬರವಣಿಗೆ ರೋಮನ್ ಲಿಪಿಯಲ್ಲಿದೆ. 1972ರ ಕಾಗುಣಿತ ಸುಧಾರಣೆಯ ಮೇಲೆ ಅದು ಇನ್ನಷ್ಟು ಸರಳವಾಯಿತು. ಬರೆದ ಹಾಗೆ ಓದಿದರೆ ಸಾಕು, ಹೆಚ್ಚುಕಡಿಮೆ ಕನ್ನಡದಂತೆಯೇ. ತೊಂದರೆ ಅಲ್ಲೇ ಹುಟ್ಟುತ್ತದೆ. ಕನ್ನಡದ ಮಗುವಿಗೆ ಇಂಗ್ಲಿಷ್ ಅಂದರೆ ಬೇರೆ ಲಿಪಿ, ಹಾಗಾಗಿ ಬೇರೆ ಲೆಕ್ಕ. ಇಂಡೋನೇಷ್ಯಾದ ಮಗುವಿಗೆ ಅದೇ ಅಕ್ಷರಗಳು ಬೇರೆ ದನಿಯಲ್ಲಿ ಎದುರಾಗುತ್ತವೆ. ಇರುವ ಅಕ್ಷರವನ್ನೆಲ್ಲ ಓದಿಬಿಡುವುದು ಅಭ್ಯಾಸ. ಇಲ್ಲವೇ 'ಫೈನ್' ಪದದಲ್ಲಿ ಕಲಿತ ಲೆಕ್ಕವನ್ನು ಎಲ್ಲ ಕಡೆ ಹಚ್ಚುತ್ತಾರೆ, 'ಡಿಟರ್ಮಿನ್' ಅನ್ನುವುದು 'ಡಿಟರ್ಮೈನ್' ಆಗುತ್ತದೆ. ಒಬ್ಬ ಮೇಷ್ಟ್ರು ಹಾಗೆ ಹೇಳಿಕೊಟ್ಟರೆ ಆ ತರಗತಿಯಿಂದ ಮುಂದೆ ಟೀಚರಾಗುವವರೂ ಹಾಗೇ ಹೇಳಿಕೊಡುತ್ತಾರೆ.

ಇನ್ನು ದನಿಗಳು. ಬ್ಯಾಡ್, ಬ್ಯಾಟ್, ಬೆಡ್, ಬೆಟ್. ಕನ್ನಡದಲ್ಲಿ ಬರೆದರೆ ನಾಲ್ಕೂ ಬೇರೆ ಬೇರೆ ಎಂದು ಕಣ್ಣಿಗೇ ಕಾಣುತ್ತದೆ. ಇಂಡೋನೇಷ್ಯನ್‌ನಲ್ಲಿ 'ಬ್ಯಾ' ಅನ್ನುವ ಸ್ವರವಿಲ್ಲ, ಅದು 'ಬೆ' ಆಗುತ್ತದೆ. ಪದದ ಕೊನೆಯಲ್ಲಿ ಬರುವ ಡಕಾರ ಗಟ್ಟಿಯಾಗಿ ಉಳಿಯುವುದಿಲ್ಲ, ಟಕಾರದ ಕಡೆಗೆ ಜಾರುತ್ತದೆ. ಆ ಟಕಾರವೂ ಪೂರ್ತಿ ಹೊರಗೆ ಬರುವುದಿಲ್ಲ, ಬಾಯೊಳಗೇ ನಿಂತುಬಿಡುತ್ತದೆ. ಕೊನೆಗೆ ನಾಲ್ಕು ಪದಕ್ಕೂ 'ಬೆಟ್' ಅನ್ನುವ ಒಂದೇ ರೂಪ ಉಳಿಯುತ್ತದೆ. ಸ್ವರದಲ್ಲಿ ಹ್ರಸ್ವ ದೀರ್ಘದ ಭೇದವೂ ಇಲ್ಲ. ನಮಗೆ 'ಶಿಪ್' ಬೇರೆ 'ಶೀಪ್' ಬೇರೆ ಎಂದು ಯಾರೂ ಹೇಳಿಕೊಡಬೇಕಾಗಿಲ್ಲ, ಒಂದನೇ ತರಗತಿಯ ಕಾಗುಣಿತದಲ್ಲೇ ಕಲಿತಿರುತ್ತೇವೆ. ಅವರು ಅದನ್ನು ಕಿವಿಗೆ ಹೊಸದಾಗಿ ತುಂಬಿಸಿಕೊಳ್ಳಬೇಕು.

ಪದದ ಬಾಲದ ವಿಷಯದಲ್ಲಿ ನಾವು ಅವರು ಪೂರ್ತಿ ಉಲ್ಟಾ. ನಾವು 'ಬಸ್ಸು', 'ಕಾರು', 'ರೋಡು' ಅಂತ ಒಂದು ಬಾಲ ಸೇರಿಸುತ್ತೇವೆ. ಅವರು ಇರುವ ಬಾಲವನ್ನೂ ನುಂಗುತ್ತಾರೆ. 'ವಾಕ್ಟ್' ಅನ್ನುವುದು 'ವಾಕ್' ಆಗುತ್ತದೆ, 'ಬುಕ್ಸ್' ಅನ್ನುವುದು 'ಬುಕ್' ಆಗುತ್ತದೆ. ಇದು ಉಚ್ಚಾರಣೆಯ ದೋಷ ಮಾತ್ರವಲ್ಲ. ಇಂಡೋನೇಷ್ಯನ್ ಕ್ರಿಯಾಪದಕ್ಕೆ ಕಾಲ ತೋರಿಸುವ ಪ್ರತ್ಯಯವಿಲ್ಲ, ನಾಮಪದಕ್ಕೆ ಇಂಗ್ಲಿಷಿನ ಹಾಗೆ ಬಹುವಚನ ಬಾಲವಿಲ್ಲ. ಮೇಷ್ಟ್ರು ಬೋರ್ಡಿನ ಮೇಲೆ ಭೂತಕಾಲ ಬರೆದು ಬಾಯಲ್ಲಿ ವರ್ತಮಾನ ಹೇಳಿದರೆ, ಮಗುವಿನ ಕಿವಿಗೆ ಭೂತಕಾಲ ಬೀಳುವುದೇ ಇಲ್ಲ.

ಇಷ್ಟಾದ ಮೇಲೆ ಊರೂರಿನ ನಾಲಿಗೆ ಬೇರೆ. ಪಶ್ಚಿಮ ಜಾವಾದ ಸುಂಡಾ ಜನ ಎಫ್ ಅಕ್ಷರವನ್ನು ಪ ಎನ್ನುತ್ತಾರೆ ಎಂದು ಎಲ್ಲರೂ ತಮಾಷೆ ಮಾಡುತ್ತಾರೆ. 'ಸುಂಡಾದವರಿಗೆ ಎಫ್ ಬರಲ್ಲ ಅನ್ನೋದು ಬರೀ ಪಿತ್ನಾ' ಅನ್ನುವುದು ಹಳೇ ಜೋಕು. ಅಪವಾದ ಅನ್ನುವ ಅರ್ಥದ 'ಫಿತ್ನಾ' ಪದವೇ ಅಲ್ಲಿ ಕೈಕೊಟ್ಟಿರುತ್ತದೆ. ನಮ್ಮಲ್ಲಿ ಕಾಫಿ ಕಾಪಿ ಆಗಿಲ್ವಾ? ಅವರಲ್ಲೂ ಅದು ಕೋಪಿ. ಜಾವಾದವರು ಪದದ ಮೊದಲ ಬಕಾರ ಡಕಾರಕ್ಕೆ ಮೂಗಿನ ದನಿ ಹಚ್ಚುತ್ತಾರೆ, ಬಂಡುಂಗ್ ಊರು 'ಮ್ಬಂಡುಂಗ್' ಆಗುತ್ತದೆ. ಅದೇ ಜಾವಾ ಭಾಷೆಯಲ್ಲಿ ನಮ್ಮ ಹಾಗೆ ತ ಮತ್ತು ಟ ಬೇರೆ ಬೇರೆ ದನಿಗಳು. ಬಾಲಿಯವರ ಟಕಾರ ಕೇಳಿದ ಕೂಡಲೇ ಅವರು ಬಾಲಿಯವರು ಎಂದು ಗೊತ್ತಾಗುತ್ತದೆ. ಅಂದರೆ ಟೀಚರೊಬ್ಬರು ಇಂಗ್ಲಿಷ್ ಮಾತಾಡಿದರೆ ಅವರ ದೇಶ ಮಾತ್ರವಲ್ಲ, ಜಿಲ್ಲೆಯೂ ಬಯಲಾಗುತ್ತದೆ.

ಇದರಲ್ಲಿ ತಪ್ಪೇನು ಎಂದು ನೀವು ಕೇಳಬಹುದು. ತಪ್ಪೇನೂ ಇಲ್ಲ. ಆದರೆ ನಗುವವರಿದ್ದಾರೆ.

2014ರ ನವೆಂಬರ್‌ನಲ್ಲಿ ಆಗಷ್ಟೇ ಅಧ್ಯಕ್ಷರಾಗಿದ್ದ ಜೋಕೋವಿ ಬೀಜಿಂಗ್‌ನಲ್ಲಿ ಉದ್ಯಮಿಗಳ ಮುಂದೆ ಇಂಗ್ಲಿಷಿನಲ್ಲಿ ಮಾತಾಡಿದರು. ಪರದೆಯ ಮೇಲೆ ಚಿತ್ರ ತೋರಿಸುತ್ತಾ, ಚಿಕ್ಕ ಚಿಕ್ಕ ವಾಕ್ಯಗಳಲ್ಲಿ, ಗಟ್ಟಿ ಜಾವಾ ಧಾಟಿಯಲ್ಲಿ. ನಮ್ಮ ದೇಶಕ್ಕೆ ಬಂದು ಬಂಡವಾಳ ಹೂಡಿ ಎಂದು ಹೇಳಬೇಕಿತ್ತು, ಹೇಳಿದರು. ಎದುರಿಗಿದ್ದವರಿಗೆ ಅರ್ಥವಾಯಿತು. ಊರಲ್ಲಿ ಒಂದಷ್ಟು ಜನ ಮೆಚ್ಚಿದರು, ಒಂದಷ್ಟು ಜನ ಅವರ ಉಚ್ಚಾರಣೆ ಹಿಡಿದು ಆಡಿಕೊಂಡರು. ದೇಶದ ಅಧ್ಯಕ್ಷರಿಗೇ ಈ ಗತಿ. ತಾಲ್ಲೂಕು ಮಟ್ಟದ ಊರಿನ ಟೀಚರಿಗೆ ಏನು ಕಾದಿರುತ್ತದೆ ಎಂದು ಊಹಿಸಬಹುದು.

ಸರಿ, ಚೆನ್ನಾಗಿ ಅಭ್ಯಾಸ ಮಾಡಿ ಅಮೆರಿಕದವರ ಹಾಗೆ ಮಾತಾಡಿದರೆ? ಆಗ ಇನ್ನೊಂದು ಬೈಗುಳ ತಯಾರಾಗಿರುತ್ತದೆ: 'ಸೋಕ್ ಬುಲೆ'. ಬಿಳಿಯರ ಹಾಗೆ ಆಡುವವರು ಅಂತ. ಜಾವಾದಲ್ಲಿ ಇದಕ್ಕೇ 'ಕೆಮಿಂಗ್ರಿಸ್' ಎಂಬ ಮಾತಿದೆ, ಇಂಗ್ಲಿಷ್ ಗತ್ತು ತೋರಿಸುವವರು ಎಂದು. ದಕ್ಷಿಣ ಜಕಾರ್ತಾದ ಹುಡುಗ ಹುಡುಗಿಯರು ಅರ್ಧ ಇಂಗ್ಲಿಷ್ ಬೆರೆಸಿ ಮಾತಾಡುವುದನ್ನು ಉಳಿದವರು ಅಣಕಿಸುತ್ತಲೇ ಇರುತ್ತಾರೆ. ಜೊತೆಗೆ ಒಳಗೊಳಗೇ ಅನುಕರಿಸುತ್ತಲೂ ಇರುತ್ತಾರೆ, ಅದು ಬೇರೆ ಮಾತು. ಅತ್ತ ದರಿ, ಇತ್ತ ಪುಲಿ. ಊರ ಧಾಟಿಯಲ್ಲಿ ಮಾತಾಡಿದರೆ 'ಇವರೇನು ಇಂಗ್ಲಿಷ್ ಟೀಚರು', ಹೊರಗಿನ ಧಾಟಿಯಲ್ಲಿ ಮಾತಾಡಿದರೆ 'ಇವರೇನು ನಮ್ಮವರು'. ಹೀಗಿರುವಾಗ ಬಾಯಿ ಮುಚ್ಚಿಕೊಂಡು ವರ್ಕ್‌ಶೀಟ್ ಹಂಚುವುದೇ ಜಾಣತನ ಅನಿಸುತ್ತದೆ.

ತರಗತಿಯೊಳಗೆ ಈ ಇಕ್ಕಟ್ಟು ಇನ್ನೂ ಹತ್ತಿರದಿಂದ ಕಾಣುತ್ತದೆ. ಇಂಡೋನೇಷ್ಯಾದಲ್ಲಿ ಟೀಚರನ್ನು 'ಪಾಕ್' ಅಥವಾ 'ಬು' ಎಂದು ಕರೆಯುತ್ತಾರೆ. ಅಪ್ಪ, ಅಮ್ಮ ಅನ್ನುವ ಪದಗಳೇ ಅವು, ಗೌರವಕ್ಕೆ ಬಳಕೆಯಾಗುವಂಥವು. ಎಷ್ಟೋ ಶಾಲೆಗಳಲ್ಲಿ ಇಂಗ್ಲಿಷ್ ಟೀಚರು ಮಾತ್ರ 'ಮಿಸ್' ಅಥವಾ 'ಮಿಸ್ಟರ್'. ಪಕ್ಕದ ಕೋಣೆಯ ಗಣಿತದ ಟೀಚರು ಅಮ್ಮ, ಇವರು ಮಿಸ್. ಕೆಲವರಿಗೆ ಅದು ಹೆಮ್ಮೆ. ಆದರೆ ಆ ಹೆಸರಿಗೆ ತಕ್ಕ ದನಿ ಬಾಯಿಂದ ಬರಬೇಕು ಎಂಬ ನಿರೀಕ್ಷೆಯೂ ಅದರ ಬೆನ್ನಿಗೇ ಇರುತ್ತದೆ. ಟೀಚರು ಅಂದರೆ ಅವರ ಮಾತನ್ನು ನಂಬಬೇಕು, ಅವರನ್ನು ನೋಡಿ ನಡೆಯಬೇಕು ಎಂದು ಜಾವಾದಲ್ಲಿ ಎಲ್ಲರ ಬಾಯಲ್ಲೂ ಇರುವ ಮಾತು. ಈಗ ಹಿಂದಿನ ಬೆಂಚಿನ ಹುಡುಗ ಯೂಟ್ಯೂಬ್ ನೋಡಿ, ಮೊಬೈಲ್ ಗೇಮ್ ಆಡಿ ಟೀಚರಿಗಿಂತ ನಯವಾಗಿ ಇಂಗ್ಲಿಷ್ ಉಲಿಯುತ್ತಾನೆ. ಗಣಿತದ ಟೀಚರಿಗೆ ಈ ಭಯವಿಲ್ಲ. ಭಾಷೆಯ ಟೀಚರು ಪ್ರತಿ ವಾಕ್ಯದಲ್ಲೂ ಪರೀಕ್ಷೆ ಬರೆಯುತ್ತಿರುತ್ತಾರೆ.

ವಿಚಿತ್ರ ಏನೆಂದರೆ, ಸರ್ಕಾರ ಈ ಪರೀಕ್ಷೆಯನ್ನು ಎಂದೂ ಇಟ್ಟಿರಲಿಲ್ಲ. 2021ರಲ್ಲಿ ರದ್ದಾಗುವವರೆಗೆ ನಡೆಯುತ್ತಿದ್ದ ರಾಷ್ಟ್ರೀಯ ಪರೀಕ್ಷೆಯಲ್ಲಿ ಇಂಗ್ಲಿಷ್ ಅಂದರೆ ಓದುವುದು, ಕೇಳುವುದು, ಸರಿಯಾದ ಉತ್ತರಕ್ಕೆ ಗುರುತು ಹಾಕುವುದು. ಮಾತಿಗೆ ಒಂದು ಅಂಕವೂ ಇರಲಿಲ್ಲ. ಅಂದರೆ ದಶಕಗಳ ಕಾಲ ವ್ಯವಸ್ಥೆ ಮಾತಿಗೆ ಬೆಲೆ ಕೊಡಲಿಲ್ಲ, ಸಮಾಜ ಮಾತ್ರ ಮಾತಿನಿಂದಲೇ ಟೀಚರನ್ನು ಅಳೆಯಿತು. ಮೂಲ ಗಾಯ ಇದು ಎಂದು ನನಗೆ ಅನಿಸುತ್ತದೆ.

ಹಾಗಾದರೆ ಇವರು ಈ ಕೆಲಸಕ್ಕೆ ಯಾಕೆ ಬರುತ್ತಾರೆ? ಹಣಕ್ಕಂತೂ ಅಲ್ಲ. ನಮ್ಮಲ್ಲಿ ಅತಿಥಿ ಶಿಕ್ಷಕರು ಇರುವ ಹಾಗೆ ಅಲ್ಲಿ 'ಗುರು ಹೊನೊರೆರ್' ಇದ್ದಾರೆ. ತಿಂಗಳಿಗೆ ಮೂರು ಲಕ್ಷ ರುಪಿಯಾ ಪಡೆಯುವವರ ಸುದ್ದಿ ಆಗಾಗ ಪತ್ರಿಕೆಯಲ್ಲಿ ಬರುತ್ತದೆ. ಕೇಳಲು ದೊಡ್ಡ ಮೊತ್ತ, ನಮ್ಮ ದುಡ್ಡಿನಲ್ಲಿ ಎರಡು ಸಾವಿರಕ್ಕೂ ಕಮ್ಮಿ. ಕಾಯಂ ನೌಕರರ ಕಥೆ ಬೇರೆ. 2005ರ ಶಿಕ್ಷಕರ ಕಾನೂನು ಬಂದ ಮೇಲೆ, ಪ್ರಮಾಣಪತ್ರ ಪಡೆದವರಿಗೆ ಮೂಲ ವೇತನದಷ್ಟೇ ಭತ್ಯೆ ಸಿಗುತ್ತದೆ. ಅಂದರೆ ಸಂಬಳ ದುಪ್ಪಟ್ಟು. ಕಾರ್ತಿಕ್ ಮುರಳೀಧರನ್ ಸೇರಿ ನಾಲ್ವರು ಅರ್ಥಶಾಸ್ತ್ರಜ್ಞರು 360 ಶಾಲೆಗಳಲ್ಲಿ ಇದರ ಫಲ ಏನು ಎಂದು ನೋಡಿ 2018ರಲ್ಲಿ ಪ್ರಕಟಿಸಿದರು. ಟೀಚರುಗಳಿಗೆ ನೆಮ್ಮದಿ ಬಂತು, ಎರಡನೇ ಕೆಲಸಕ್ಕೆ ಅಲೆಯುವುದು ಕಮ್ಮಿಯಾಯಿತು. ಮಕ್ಕಳ ಕಲಿಕೆ ಮಾತ್ರ ಇದ್ದಲ್ಲೇ ಇತ್ತು. ಇದನ್ನು ಕೇಳಿ 'ಸಂಬಳ ಕೊಟ್ಟು ಪ್ರಯೋಜನವಿಲ್ಲ' ಅನ್ನುವವರಿದ್ದಾರೆ. ನಾನು ಹಾಗೆ ಓದುವುದಿಲ್ಲ. ದುಡ್ಡು ಟೀಚರ ಮನೆಯ ಚಿಂತೆ ಇಳಿಸಿತು. ತರಗತಿಯಲ್ಲಿ ಏನು ಬದಲಾಗಬೇಕು ಎಂದು ಅವರಿಗೆ ಯಾರೂ ಹೇಳಿರಲಿಲ್ಲ, ಅದಕ್ಕೆ ಬೇಕಾದ ಧೈರ್ಯವನ್ನೂ ಯಾರೂ ಕೊಟ್ಟಿರಲಿಲ್ಲ.

ಇಂಗ್ಲಿಷ್ ಟೀಚರುಗಳ ಪಾಲಿಗೆ ಆ ಭತ್ಯೆಯೂ ಸಲೀಸಾಗಿರಲಿಲ್ಲ. ಭತ್ಯೆ ಬೇಕಾದರೆ ವಾರಕ್ಕೆ 24 ಪೀರಿಯಡ್ ಪಾಠ ಮಾಡಿರಬೇಕು. 2013ರ ಪಠ್ಯಕ್ರಮ ಪ್ರಾಥಮಿಕ ಶಾಲೆಯ ವೇಳಾಪಟ್ಟಿಯಿಂದ ಇಂಗ್ಲಿಷನ್ನು ತೆಗೆದು ಹಾಕಿತು. ನಮ್ಮ ಪಿಯುಸಿ ಮಟ್ಟದ ತರಗತಿಗಳಲ್ಲಿ ವಾರಕ್ಕೆ ನಾಲ್ಕು ಇದ್ದ ಪೀರಿಯಡ್ ಎರಡಕ್ಕೆ ಇಳಿಯಿತು. 24ರ ಲೆಕ್ಕ ತುಂಬಿಸಲು ಒಂದು ಶಾಲೆಯಿಂದ ಇನ್ನೊಂದಕ್ಕೆ ಬೈಕ್ ಓಡಿಸಬೇಕಾದ ಪರಿಸ್ಥಿತಿ. ಹನ್ನೊಂದು ವರ್ಷ ಕಳೆದ ಮೇಲೆ ಸರ್ಕಾರವೇ 'ಇಂಗ್ಲಿಷ್ ಕಡ್ಡಾಯ' ಅಂದಿತು. ತನ್ನ ವಿಷಯಕ್ಕೆ ಬೆಲೆ ಇದೆಯೋ ಇಲ್ಲವೋ ಎಂದು ಟೀಚರಿಗೇ ಗೊತ್ತಾಗದಿದ್ದರೆ ಉತ್ಸಾಹ ಎಲ್ಲಿಂದ ಬರಬೇಕು?

ಸರ್ಕಾರಕ್ಕೂ ಒಂದು ದ್ವಂದ್ವ ಇದೆ, ಅದನ್ನು ಹಗುರಾಗಿ ನೋಡುವ ಹಾಗಿಲ್ಲ. 1928ರ ಅಕ್ಟೋಬರ್ 28ರಂದು ಯುವಕರು ಸೇರಿ ಒಂದು ನಾಡು, ಒಂದು ಜನ, ಒಂದು ಭಾಷೆ ಎಂದು ಪ್ರಮಾಣ ಮಾಡಿದ್ದು ಆ ದೇಶದ ಅಡಿಪಾಯ. ಅಷ್ಟು ಭಾಷೆಗಳ ಜನ ಯಾವ ದೊಡ್ಡ ಜಗಳವೂ ಇಲ್ಲದೆ ಒಂದು ರಾಷ್ಟ್ರಭಾಷೆಯನ್ನು ಒಪ್ಪಿಕೊಂಡದ್ದು ಸಣ್ಣ ಮಾತಲ್ಲ. ನಮಗೆ ಆಗದ ಕೆಲಸ ಅದು. ಆಳಿದವರು ಡಚ್ಚರು. ಹಾಗಾಗಿ ಇಂಗ್ಲಿಷ್ ಅಲ್ಲಿ ದಣಿಗಳು ಬಿಟ್ಟುಹೋದ ಭಾಷೆಯಲ್ಲ, ಸ್ವತಂತ್ರ ದೇಶ ತಾನೇ ಆರಿಸಿಕೊಂಡ ಹೊರಗಿನ ಭಾಷೆ. ನಮ್ಮಲ್ಲಿ ಕೋರ್ಟು, ಕಚೇರಿ, ಕಾಲೇಜಿನಲ್ಲಿ ಇಂಗ್ಲಿಷ್ ಎರಡು ಶತಮಾನ ಬಳಕೆಯಾಗಿ 'ಇಂಡಿಯನ್ ಇಂಗ್ಲಿಷ್' ಅನ್ನುವುದು ನಿಂತಿದೆ. ನಮ್ಮ ಧಾಟಿಯಲ್ಲಿ ಮಾತಾಡಲು ನಾವು ಯಾರ ಅಪ್ಪಣೆಯನ್ನೂ ಕೇಳುವುದಿಲ್ಲ. ಇಂಡೋನೇಷ್ಯಾದವರಿಗೆ ಹಾಗೆ ಬೆನ್ನಿಗೆ ನಿಲ್ಲುವ ದೇಸಿ ಇಂಗ್ಲಿಷ್ ಒಂದಿಲ್ಲ.

2013ರ ಜನವರಿ 8ರಂದು ಅಲ್ಲಿನ ಸಂವಿಧಾನ ನ್ಯಾಯಾಲಯ 'ಅಂತರರಾಷ್ಟ್ರೀಯ ಮಟ್ಟದ' ಸರ್ಕಾರಿ ಶಾಲೆಗಳ ಯೋಜನೆಯನ್ನೇ ರದ್ದು ಮಾಡಿತು. ಆ ಶಾಲೆಗಳಲ್ಲಿ ಗಣಿತ, ವಿಜ್ಞಾನವನ್ನು ಇಂಗ್ಲಿಷಿನಲ್ಲಿ ಹೇಳಿಕೊಡಬೇಕಿತ್ತು. ಕಷ್ಟಪಟ್ಟು ಇಂಗ್ಲಿಷ್ ಕಲಿತು ಪಾಠ ಮಾಡಿದ ಟೀಚರುಗಳೂ ಇದ್ದರು. ಫೀಸು ಜಾಸ್ತಿ, ಬಡವರ ಮಕ್ಕಳಿಗೆ ಎಟುಕುವುದಿಲ್ಲ ಅನ್ನುವುದು ಕೋರ್ಟಿನ ಒಂದು ಕಾರಣ. ಮಕ್ಕಳಲ್ಲಿ ಇಂಡೋನೇಷ್ಯನ್ ಭಾಷೆಯ ಅಭಿಮಾನ ಸವೆಯುತ್ತದೆ ಅನ್ನುವುದು ಇನ್ನೊಂದು. ಮೊದಲನೇ ಕಾರಣ ನನಗೆ ಪೂರ್ತಿ ಒಪ್ಪಿಗೆ. ಎರಡನೆಯದು ಎಲ್ಲಾ ಇಂಗ್ಲಿಷ್ ಟೀಚರುಗಳ ಮೇಲೂ ಒಂದು ಅನುಮಾನದ ನೆರಳು ಬೀಳಿಸಿತು.

ಮಕ್ಕಳಿಗೆ ನಿಜಕ್ಕೂ ಏನು ಬೇಕು? ಬ್ರಿಟನ್ನಿನ ಸಂಶೋಧಕ ಮಾರ್ಟಿನ್ ಲ್ಯಾಂಬ್ ಸುಮಾತ್ರಾದ ಜಾಂಬಿ ಪಟ್ಟಣದ ಮಕ್ಕಳನ್ನು ಮಾತಾಡಿಸಿ 2004ರಲ್ಲಿ ಬರೆದರು. ಹನ್ನೊಂದು ಹನ್ನೆರಡು ವರ್ಷದ ಮಕ್ಕಳು. ಅವರಲ್ಲಿ ಇಂಗ್ಲಿಷಿನ ಆಸೆ ಬಲವಾಗಿತ್ತು. ಆದರೆ ಅದು ಲಂಡನ್ನಿನವರ ಹಾಗಾಗುವ ಆಸೆಯಲ್ಲ. ಇಂಡೋನೇಷ್ಯಾದವರಾಗಿಯೇ ಇದ್ದು ಹೊರಗಿನ ಜಗತ್ತಿನ ಜೊತೆ ವ್ಯವಹರಿಸಬಲ್ಲ ಒಬ್ಬ ವ್ಯಕ್ತಿಯನ್ನು ಅವರು ಮನಸ್ಸಿನಲ್ಲಿ ಕಟ್ಟಿಕೊಂಡಿದ್ದರು. ಭಾಷೆ ಕಲಿಯುವವರು ತಾವು ಮುಂದೆ ಸೇರಲಿರುವ ಒಂದು ಸಮುದಾಯವನ್ನು ಕಲ್ಪಿಸಿಕೊಂಡಿರುತ್ತಾರೆ ಎಂದು ಬಾನಿ ನಾರ್ಟನ್ ಎಂಬ ವಿದ್ವಾಂಸರು ವಾದಿಸಿದ್ದಾರೆ. ಆ ಕಲ್ಪನೆಯನ್ನು ಅವರು ಪಡೆದದ್ದು ರಾಷ್ಟ್ರವನ್ನೇ 'ಕಲ್ಪಿತ ಸಮುದಾಯ' ಎಂದು ಕರೆದ ಬೆನೆಡಿಕ್ಟ್ ಆಂಡರ್ಸನ್ ಅವರಿಂದ. ಆಂಡರ್ಸನ್ ಬದುಕಿಡೀ ಅಧ್ಯಯನ ಮಾಡಿದ ದೇಶ ಇಂಡೋನೇಷ್ಯಾ.

ಆ ಮಕ್ಕಳು ನಾಳೆ ಮಾತಾಡುವುದು ಯಾರ ಜೊತೆ? ಹೆಚ್ಚಾಗಿ ಥಾಯ್ಲೆಂಡ್, ವಿಯೆಟ್ನಾಂ, ಚೀನಾ, ಭಾರತದವರ ಜೊತೆ. ಆಗ್ನೇಯ ಏಷ್ಯಾ ದೇಶಗಳ ಆಸಿಯಾನ್ ಸಂಘಟನೆಯ ಕಚೇರಿ ಇರುವುದೇ ಜಕಾರ್ತಾದಲ್ಲಿ. ಅದರ ಸನ್ನದು ಇಂಗ್ಲಿಷನ್ನು ಕೆಲಸದ ಭಾಷೆ ಎಂದು ಬರೆದಿದೆ. ಬ್ಯಾಂಕಾಕಿನವರ ಜೊತೆ ಮಾತಾಡಲು ಬಾಸ್ಟನ್ನಿನ ಧಾಟಿ ಯಾಕೆ ಬೇಕು?

ಉಚ್ಚಾರಣೆಯ ಪಂಡಿತರು ಇದನ್ನು ಯಾವತ್ತೋ ಒಪ್ಪಿಕೊಂಡಿದ್ದಾರೆ. ಮುನ್ರೋ ಮತ್ತು ಡರ್ವಿಂಗ್ 1995ರಲ್ಲಿ ಕೆನಡಾದಲ್ಲಿ ಚೀನೀಯರ ಇಂಗ್ಲಿಷನ್ನು ಕೇಳಿಸಿ ನೋಡಿದರು. ಧಾಟಿ ಗಟ್ಟಿಯಾಗಿದೆ ಎಂದು ಕೇಳುಗರು ಹೇಳಿದ ಎಷ್ಟೋ ವಾಕ್ಯಗಳು ಅವರಿಗೇ ಪೂರ್ತಿ ಅರ್ಥವಾಗಿದ್ದವು. ಧಾಟಿ ಬೇರೆ, ಅರ್ಥವಾಗುವುದು ಬೇರೆ. ಯುರೋಪಿನ ಭಾಷಾ ಮಟ್ಟದ ಅಳತೆಪಟ್ಟಿಯೂ 2018ರಲ್ಲಿ ಉಚ್ಚಾರಣೆಯ ಭಾಗವನ್ನು ತಿದ್ದಿ ಬರೆದು, ಹುಟ್ಟು ಮಾತುಗಾರರ ಹಾಗೆ ಮಾತಾಡಬೇಕು ಅನ್ನುವ ಆದರ್ಶವನ್ನು ಕೈಬಿಟ್ಟಿತು.

ಹಾಗೆಂದು ಹೇಗೆ ಬೇಕಾದರೂ ಮಾತಾಡಿ ಅನ್ನುವ ಉದಾರತೆಯೂ ನನಗೆ ಸರಿ ಕಾಣುವುದಿಲ್ಲ. ಅದು ಸುಮ್ನೆ ಬೆನ್ನು ತಟ್ಟಿ ಕಳಿಸಿದ ಹಾಗೆ. ಯಾವ ದನಿ ತಪ್ಪಿದರೆ ಅರ್ಥ ಕೆಡುತ್ತದೆ, ಯಾವುದು ತಪ್ಪಿದರೂ ನಡೆಯುತ್ತದೆ ಎಂದು ಜೆನಿಫರ್ ಜೆಂಕಿನ್ಸ್ 2000ದಲ್ಲಿ ಒಂದು ಪಟ್ಟಿ ಮಾಡಿದರು. ಬೇರೆ ಬೇರೆ ದೇಶದವರು ಪರಸ್ಪರ ಇಂಗ್ಲಿಷಿನಲ್ಲಿ ಮಾತಾಡುವಾಗ ಎಲ್ಲಿ ಎಡವುತ್ತಾರೆ ಎಂದು ನೋಡಿ ಮಾಡಿದ್ದು. 'ತ್ರೀ', 'ದಿಸ್' ಪದಗಳಲ್ಲಿ ನಾಲಿಗೆಯನ್ನು ಹಲ್ಲಿನ ಮಧ್ಯೆ ಇಡುವ ಆ ದನಿ ಇದೆಯಲ್ಲ, ಅದು ನಡೆಯುತ್ತದೆ ಅನ್ನುವ ಪಟ್ಟಿಯಲ್ಲಿದೆ. ಸ್ವರದ ಉದ್ದ, ಪದದ ಮೊದಲಲ್ಲಿ ಬರುವ ಒತ್ತಕ್ಷರ, ವಾಕ್ಯದಲ್ಲಿ ಮುಖ್ಯ ಪದದ ಮೇಲೆ ಒತ್ತು, ಇವೆಲ್ಲ ಬಿಡಬಾರದ ಪಟ್ಟಿಯಲ್ಲಿವೆ. ಜೆಂಕಿನ್ಸ್ ಪಟ್ಟಿಯ ಬಗ್ಗೆ ತಕರಾರುಗಳಿವೆ. ಆದರೆ ಇಂಡೋನೇಷ್ಯಾಕ್ಕೆ ಅದು ಕೊಡುವ ಸೂಚನೆ ಸ್ಪಷ್ಟ. ಹಲ್ಲಿನ ಮಧ್ಯದ ದನಿ ಬರಲಿಲ್ಲ ಎಂದು ಟೀಚರು ನಾಚುವುದು ದಂಡ. 'ಬೆಡ್' ಮತ್ತು 'ಬೆಟ್' ಒಂದಾಗುವುದು, 'ವಾಕ್ಟ್' ಬಾಲ ಕಳೆದುಕೊಳ್ಳುವುದು ಹಾಗಲ್ಲ. ಅಲ್ಲಿ ಬೆವರು ಸುರಿಸಬೇಕು.

ಹೆದರಿಕೆ ಇಲ್ಲದಿದ್ದರೆ ಏನಾಗುತ್ತದೆ ಅನ್ನುವುದಕ್ಕೆ ಅವರ ಕಣ್ಣೆದುರೇ ಒಂದು ಉದಾಹರಣೆ ಇದೆ. ಪೂರ್ವ ಜಾವಾದ ಕೆದಿರಿ ಜಿಲ್ಲೆಯ ಪಾರೆ ಎಂಬ ಊರು. ಕಾಲಿಮಂತಾನ್ ಕಡೆಯಿಂದ ಓದಲು ಬಂದ ಕಲೆಂಡ್ ಒಸೆನ್ 1977ರಲ್ಲಿ ಅಲ್ಲೊಂದು ಇಂಗ್ಲಿಷ್ ಕ್ಲಾಸು ಶುರು ಮಾಡಿದರು. ಈಗ ಆ ಊರಿಗೆ 'ಕಂಪುಂಗ್ ಇಂಗ್ರಿಸ್', ಇಂಗ್ಲಿಷ್ ಹಳ್ಳಿ ಎಂದೇ ಹೆಸರು. ಬೀದಿ ಬೀದಿಯಲ್ಲಿ ಕೋರ್ಸು, ಬಾಡಿಗೆ ಕೋಣೆ, ಬಾಡಿಗೆ ಸೈಕಲ್ಲು. ರಜೆ ಬಂದರೆ ದೇಶದ ಎಲ್ಲ ಕಡೆಯಿಂದ ಹುಡುಗರು ಬಂದು ತುಂಬಿಕೊಳ್ಳುತ್ತಾರೆ. ಕಲಿಸುವವರು ಹೆಚ್ಚುಕಡಿಮೆ ಎಲ್ಲರೂ ಇಂಡೋನೇಷ್ಯಾದವರೇ. ಎಷ್ಟೋ ವಸತಿಗಳಲ್ಲಿ ಇಂಗ್ಲಿಷ್ ಬಿಟ್ಟು ಬೇರೆ ಮಾತಾಡುವ ಹಾಗಿಲ್ಲ. ಎಲ್ಲರೂ ತಪ್ಪು ಮಾಡುವುದರಿಂದ ಯಾರೂ ನಗುವುದಿಲ್ಲ. ಬಾಯಿಪಾಠದ ಅಬ್ಬರ, ಎರಡು ವಾರದಲ್ಲಿ ಇಂಗ್ಲಿಷ್ ಎಂಬ ಜಾಹೀರಾತು ಎಲ್ಲ ಅಲ್ಲೂ ಇದೆ, ಅದನ್ನು ಸ್ವರ್ಗ ಎಂದು ಹೇಳುತ್ತಿಲ್ಲ. ಆದರೆ ಬಿಳಿ ಮುಖ ಇಲ್ಲದೆ ಇಂಗ್ಲಿಷ್ ಊರೊಂದು ನಡೆಯುತ್ತದೆ ಅನ್ನುವುದು ಅಲ್ಲಿ ಸಾಬೀತಾಗಿದೆ. ನಗರಗಳ ಕೋಚಿಂಗ್ ಸೆಂಟರುಗಳು ಇಂದಿಗೂ 'ನಮ್ಮಲ್ಲಿ ನೇಟಿವ್ ಸ್ಪೀಕರ್ ಇದ್ದಾರೆ' ಎಂದು ಬೋರ್ಡು ಹಾಕಿಕೊಳ್ಳುತ್ತವೆ, ಅಲ್ವಾ? ಹತ್ತು ವರ್ಷ ಕಷ್ಟಪಟ್ಟ ಊರ ಟೀಚರು ದಿನಾ ಆ ಬೋರ್ಡಿನ ಕೆಳಗೇ ಓಡಾಡಬೇಕು.

2027ಕ್ಕೆ ತಯಾರಾಗುತ್ತಿರುವ ಪ್ರಾಥಮಿಕ ಶಾಲೆಯ ಟೀಚರುಗಳಿಗೆ ತರಬೇತಿಯಲ್ಲಿ ಮಾತಾಡಿಸುವುದಕ್ಕೇ ದೊಡ್ಡ ಪಾಲು ಇರಬೇಕು. ಅದೂ ಸಹೋದ್ಯೋಗಿಗಳ ಎದುರು, ಅವರವರ ಧಾಟಿಯಲ್ಲೇ, ಪದದ ಕೊನೆ ಮತ್ತು ಸ್ವರದ ಉದ್ದದ ಮೇಲೆ ಗಮನ ಇಟ್ಟು. ಶಾಲೆಗೆ ಬರುವ ಇನ್‌ಸ್ಪೆಕ್ಟರು ಟೀಚರು ಇಂಗ್ಲಿಷಿನಲ್ಲಿ ಎಷ್ಟು ಮಾತಾಡಿದರು ಎಂದು ನೋಡಬೇಕೇ ಹೊರತು ಯಾವ ಧಾಟಿಯಲ್ಲಿ ಎಂದಲ್ಲ. ಇನ್ನೊಂದು ವಿಷಯ ತರಬೇತಿ ಕೋಣೆಯ ಹೊರಗೆ ತೀರ್ಮಾನವಾಗಬೇಕು. 2013ರಲ್ಲಿ ಪೀರಿಯಡ್ ಕಳೆದುಕೊಂಡವರು, ಇಂಗ್ಲಿಷ್ ಡಿಗ್ರಿ ಇಟ್ಟುಕೊಂಡು ಗೌರವಧನಕ್ಕೆ ದುಡಿಯುತ್ತಿರುವವರು ಊರೂರಲ್ಲಿ ಇದ್ದಾರೆ. ಹೊಸ ಪೀರಿಯಡ್‌ಗಳನ್ನು ಅಷ್ಟಿಷ್ಟು ತರಬೇತಿ ಪಡೆದ ತರಗತಿ ಟೀಚರ ಹೆಗಲಿಗೇ ಏರಿಸಿದರೆ ಖಜಾನೆಗೆ ಅಗ್ಗ. ಇವರನ್ನು ಸರಿಯಾದ ಸಂಬಳಕ್ಕೆ ಶಾಲೆಯೊಳಗೆ ಕರೆದುಕೊಂಡರೆ ದುಬಾರಿ. ಮೂರನೇ ತರಗತಿಯ ಮಗುವಿನ ಕಿವಿಗೆ ಮೊದಲು ಬೀಳುವ ಇಂಗ್ಲಿಷ್ ಯಾರದ್ದು ಅನ್ನುವುದು ಆ ಲೆಕ್ಕದಲ್ಲೇ ನಿಂತಿದೆ.